ಓದುಗರ ಪ್ರಶ್ನೆಗಳು: ವಿಜ್ಞಾನ ಕಟ್ಟಡದ ಗಾಳಿ, ತಂಪು ಮತ್ತು ಕರೆಂಟು

ಕಾಲೇಜು ಕಟ್ಟಡಗಳ ವಿದ್ಯುತ್ ಖರ್ಚಿನ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ವಿಜ್ಞಾನ ವಿಭಾಗಗಳವು. ತರಗತಿಯ ಕಟ್ಟಡಕ್ಕೂ ವಿಜ್ಞಾನದ ಕಟ್ಟಡಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಗಾಳಿ. ತರಗತಿಯಲ್ಲಿ ಕಿಟಕಿ ತೆರೆದರೆ ಕೆಲಸ ಮುಗಿಯುತ್ತದೆ. ಪ್ರಯೋಗಾಲಯದಲ್ಲಿ ಒಳಗೆ ಬರುವ ಗಾಳಿ ಎಷ್ಟು, ಹೊರಗೆ ಹೋಗುವ ಗಾಳಿ ಎಷ್ಟು ಎಂಬ ಲೆಕ್ಕವಿಲ್ಲದೆ ಯಾವ ಯಂತ್ರ ತಂದರೂ ಅದು ಹಣ ತಿನ್ನುತ್ತದೆ. ಆದ್ದರಿಂದ ಗಾಳಿಗೆ ಸಂಬಂಧಿಸಿದ ಪತ್ರಗಳನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಸ್ನಾತಕೋತ್ತರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾಲ್ಕು ಫ್ಯೂಮ್ ಹುಡ್‌ಗಳಿವೆ (ವಿಷದ ಆವಿಯನ್ನು ಹೊರಗೆಳೆಯುವ, ಗಾಜಿನ ಬಾಗಿಲಿನ ಪ್ರಯೋಗದ ಗೂಡುಗಳು). ಹೋದ ಬೇಸಿಗೆಯಲ್ಲಿ ಎರಡು ಟನ್‌ನ ಎರಡು ಎ.ಸಿ.ಗಳನ್ನು ಹಾಕಿಸಿ ಕಿಟಕಿಗಳನ್ನು ಮುಚ್ಚಿಸಿದೆವು. ಕರೆಂಟ್ ಬಿಲ್ ಏರಿತು, ಕೊಠಡಿ ಮಾತ್ರ ತಂಪಾಗಲಿಲ್ಲ. ಬಾಗಿಲು ಎಳೆದು ತೆರೆಯುವುದೇ ಕಷ್ಟವಾಗಿದೆ, ಜೊತೆಗೆ ಆಗಾಗ ಚರಂಡಿಯ ವಾಸನೆ ಬರುತ್ತದೆ. ಇನ್ನೊಂದು ಎ.ಸಿ. ಹಾಕಿಸಬೇಕೆಂದು ಕೆಲವರು, ಹುಡ್‌ಗಳನ್ನು ನಿಲ್ಲಿಸಿದರಾಯಿತೆಂದು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ? (ರಸಾಯನಶಾಸ್ತ್ರ ಉಪನ್ಯಾಸಕಿ, ಹಾಸನ)

ಉತ್ತರ: ಎರಡೂ ಸರಿಯಲ್ಲ. ಎರಡನೆಯದಂತೂ ಅಪಾಯಕಾರಿ. ನೀವು ಬರೆದಿರುವ ಮೂರು ತೊಂದರೆಗಳೂ, ಅಂದರೆ ತಂಪಾಗದ ಕೊಠಡಿ, ಬಿಗಿಯಾದ ಬಾಗಿಲು ಮತ್ತು ಚರಂಡಿಯ ವಾಸನೆ, ಒಂದೇ ಕಾರಣದಿಂದ ಹುಟ್ಟಿದವು. ಅದನ್ನು ಲೆಕ್ಕ ಹಾಕಿಯೇ ನೋಡೋಣ.

ಸಾಮಾನ್ಯ ಹುಡ್‌ನ ಬಾಯಿ 1.2 ಮೀಟರ್ ಅಗಲವಿದ್ದು, ಗಾಜಿನ ಬಾಗಿಲನ್ನು 45 ಸೆಂಟಿಮೀಟರ್ ಎತ್ತಿದ್ದೀರಿ ಎಂದುಕೊಳ್ಳಿ. ಬಾಯಿಯ ಮೂಲಕ ಒಳಹೋಗುವ ಗಾಳಿಯ ವೇಗ ಸೆಕೆಂಡಿಗೆ ಸುಮಾರು 0.5 ಮೀಟರ್ ಇರಬೇಕೆಂಬುದು ಎಲ್ಲೆಡೆ ರೂಢಿಯಲ್ಲಿರುವ ಅಳತೆ. ಹಾಗಾದರೆ ಒಂದು ಹುಡ್ ಗಂಟೆಗೆ ಹತ್ತಿರ ಹತ್ತಿರ 970 ಘನ ಮೀಟರ್ ಗಾಳಿಯನ್ನು ತಾರಸಿಯ ಮೇಲಕ್ಕೆ ತಳ್ಳುತ್ತದೆ, ನಾಲ್ಕು ಹುಡ್‌ಗಳು ಸೇರಿ ಸುಮಾರು 3,900 ಘನ ಮೀಟರ್. ನಿಮ್ಮ ಪ್ರಯೋಗಾಲಯ 12 ಮೀಟರ್ ಉದ್ದ, 8 ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರವಿದ್ದರೆ ಅದರೊಳಗಿನ ಗಾಳಿಯೆಲ್ಲ ಸೇರಿ 336 ಘನ ಮೀಟರ್. ಅಂದರೆ ಐದು ನಿಮಿಷಕ್ಕೊಮ್ಮೆ ಇಡೀ ಕೊಠಡಿಯ ಗಾಳಿ, ನೀವು ಹಣ ಕೊಟ್ಟು ತಣ್ಣಗೆ ಮಾಡಿದ ಗಾಳಿ, ಹೊರಗೆ ಹೋಗುತ್ತಿದೆ.

ಹಾಸನದ ಏಪ್ರಿಲ್ ಮಧ್ಯಾಹ್ನ 32 ಡಿಗ್ರಿಯ ಗಾಳಿ ಆ ಜಾಗವನ್ನು ತುಂಬಲು ಬರುತ್ತದೆ. ಅದನ್ನು 24 ಡಿಗ್ರಿಗೆ ಇಳಿಸಲು ಒಂದು ಹುಡ್‌ಗೆ ಸುಮಾರು 2.3 ಕಿಲೋವ್ಯಾಟ್‌ನಷ್ಟು ತಂಪು ಬೇಕು, ನಾಲ್ಕಕ್ಕೆ 9 ಕಿಲೋವ್ಯಾಟ್‌ಗೂ ಮೇಲೆ. ಒಂದು ಟನ್ ಎಂದರೆ ಮೂರೂವರೆ ಕಿಲೋವ್ಯಾಟ್ ಆದ್ದರಿಂದ, ನಿಮ್ಮ ನಾಲ್ಕು ಟನ್‌ಗಳಲ್ಲಿ ಎರಡೂವರೆ ಟನ್‌ಗೂ ಹೆಚ್ಚು ಹುಡ್‌ಗಳ ಮೂಲಕವೇ ಹಾರಿಹೋಗುತ್ತದೆ. ಉಳಿದ ಒಂದೂಕಾಲು ಟನ್ ಚಿಲ್ಲರೆಯಲ್ಲಿ ಮೂವತ್ತು ವಿದ್ಯಾರ್ಥಿಗಳ ಮೈಬಿಸಿ, ಬರ್ನರ್, ಓವನ್, ಕಾದ ತಾರಸಿ ಎಲ್ಲವನ್ನೂ ನಿಭಾಯಿಸಬೇಕು. ಆಗದು. ಮೂರನೆಯ ಎ.ಸಿ. ಹಾಕಿದರೂ ಅದರ ತಂಪೂ ಅದೇ ದಾರಿ ಹಿಡಿಯುತ್ತದೆ.

ಬಾಗಿಲಿನ ವಿಷಯಕ್ಕೆ ಬರೋಣ. ಹುಡ್‌ಗಳು ಇಷ್ಟು ಗಾಳಿಯನ್ನು ಹೊರಹಾಕುವಾಗ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಮೊದಲು ಕಿಟಕಿಗಳಿದ್ದವು. ಅವುಗಳನ್ನು ಮುಚ್ಚಿಸಿದ ಮೇಲೆ ಕೊಠಡಿಯೊಳಗೆ ಒತ್ತಡ ಇಳಿದು, ಹೊರಗಿನ ಗಾಳಿ ಬಾಗಿಲನ್ನು ಒತ್ತಿ ಹಿಡಿಯುತ್ತಿದೆ. ಬಾಗಿಲ ಸಂದಿನಿಂದ ಸಾಲದಿದ್ದಾಗ ಅದು ಸಿಂಕ್ ಮತ್ತು ನೆಲದ ಟ್ರ್ಯಾಪ್‌ಗಳ, ಅಂದರೆ ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯುವ ಬಾಗುಕೊಳವೆಗಳ, ಮೂಲಕ ಬರುತ್ತದೆ. ಬಳಕೆಯಿಲ್ಲದೆ ನೀರು ಒಣಗಿದ ಟ್ರ್ಯಾಪ್ ಒಂದಿದ್ದರೂ ಸಾಕು, ಚರಂಡಿಯ ಗಾಳಿ ನೇರವಾಗಿ ಕೊಠಡಿಗೆ ಬರುತ್ತದೆ. ಇವತ್ತೇ ಎಲ್ಲ ಟ್ರ್ಯಾಪ್‌ಗಳಿಗೂ ಒಂದೊಂದು ಚೊಂಬು ನೀರು ಹಾಕಿಸಿ ನೋಡಿ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಒಳಬರುವ ದಾರಿಯಿಲ್ಲದಾಗ ಹುಡ್‌ಗಳೂ ತಮಗೆ ಬೇಕಾದಷ್ಟು ಗಾಳಿಯನ್ನು ಎಳೆಯಲಾರವು. ಹುಡ್‌ನ ಗಾಳಿ ಎಳೆಯುವ ಫ್ಯಾನ್, ಅಂದರೆ ಬ್ಲೋವರ್, ಸದ್ದು ಮಾಡುತ್ತಿರುತ್ತದೆ, ಆಮ್ಲದ ಆವಿ ಮಾತ್ರ ವಿದ್ಯಾರ್ಥಿಯ ಮುಖದ ಮುಂದೆಯೇ ನಿಂತಿರುತ್ತದೆ.

ಪರಿಹಾರ ಹಾಸನದ ಹವೆಯಲ್ಲೇ ಇದೆ. ಸಮುದ್ರಮಟ್ಟದಿಂದ 970 ಮೀಟರ್‌ನಷ್ಟು ಎತ್ತರದಲ್ಲಿರುವ ಈ ಊರಿನಲ್ಲಿ ವರ್ಷದ ಹೆಚ್ಚಿನ ದಿನಗಳಲ್ಲಿ ಹೊರಗಿನ ಗಾಳಿಯೇ ಮೈಗೆ ಹಿತವಾಗಿರುತ್ತದೆ. ಹುಡ್‌ಗಳಿರುವ ಬದಿಯ ಗೋಡೆಯಲ್ಲಿ, ಹುಡ್‌ಗಳಿಂದ ಒಂದೂವರೆ ಎರಡು ಮೀಟರ್ ದೂರದಲ್ಲಿ, ಸೊಳ್ಳೆಪರದೆ ಬಿಗಿದ ಜಾಲಂಧ್ರಗಳನ್ನು ಇಡಿಸಿ, ತಣಿಸದ ಹೊರಗಾಳಿಯೇ ಹುಡ್‌ಗಳಿಗೆ ಸಿಗುವಂತೆ ಮಾಡಿ. ಆದರೆ ಅದು ರಭಸದಿಂದ ಹುಡ್‌ನ ಬಾಯಿಗೆ ಅಡ್ಡ ಬೀಸಬಾರದು, ಸೆಕೆಂಡಿಗೆ 0.25 ಮೀಟರ್‌ಗಿಂತ ಜೋರಾದ ಅಡ್ಡಗಾಳಿ ಒಳಗಿನ ಆವಿಯನ್ನು ಹೊರಗೆ ಎಳೆದುಕೊಂಡು ಬರುತ್ತದೆ. ಹುಡ್‌ನ ಎದುರೇ ತಿರುಗುವ ಸೀಲಿಂಗ್ ಫ್ಯಾನನ್ನು ಪ್ರಯೋಗದ ಹೊತ್ತಿನಲ್ಲಿ ಆರಿಸಲೇಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಎ.ಸಿ. ಅಗತ್ಯವಿರುವ ತಕ್ಕಡಿ ಮತ್ತು ಉಪಕರಣಗಳನ್ನು ಹುಡ್‌ಗಳಿಲ್ಲದ ಒಂದು ಚಿಕ್ಕ ಕೋಣೆಗೆ ಬೇರ್ಪಡಿಸಿದರೆ ಈಗಿರುವ ಎರಡರಲ್ಲಿ ಒಂದೇ ಎ.ಸಿ. ಸಾಕಾಗುತ್ತದೆ.

ಬ್ಲೋವರ್‌ಗಳಲ್ಲಿಯೂ ಉಳಿತಾಯವಿದೆ. ಎಷ್ಟು ಜೋರಾಗಿ ಎಳೆದರೆ ಅಷ್ಟು ಸುರಕ್ಷಿತ ಎಂಬ ನಂಬಿಕೆಯಿಂದ ಕೆಲವೆಡೆ ಗಾಳಿಯ ವೇಗವನ್ನು 0.75 ಮೀಟರ್‌ವರೆಗೂ ಇಟ್ಟಿರುತ್ತಾರೆ. ಆ ವೇಗದಲ್ಲಿ ಹುಡ್‌ನ ಅಂಚಿನಲ್ಲಿ ಸುಳಿಗಳೆದ್ದು ಆವಿ ಹಿಂದಿರುಗುವ ಸಂಭವವೇ ಹೆಚ್ಚು. ಫ್ಯಾನ್ ಬಳಸುವ ವಿದ್ಯುತ್ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, 0.75 ಅನ್ನು 0.5ಕ್ಕೆ ಇಳಿಸಿದರೆ ಮೋಟಾರಿಗೆ ಬೇಕಾದ ಶಕ್ತಿ ಹತ್ತರಲ್ಲಿ ಮೂರು ಪಾಲಿಗೆ ಬರುತ್ತದೆ. ಪುಲ್ಲಿ ಬದಲಿಸಿಯೂ ಇದನ್ನು ಮಾಡಬಹುದು, ವೇಗ ನಿಯಂತ್ರಿಸುವ ವಿ.ಎಫ್.ಡಿ. ಹಾಕಿಸಿಯೂ ಮಾಡಬಹುದು. ವಿ.ಎಫ್.ಡಿ.ಯ ಲಾಭವೆಂದರೆ, ಗಾಜನ್ನು ಇಳಿಸಿದಾಗ ಬ್ಲೋವರ್ ತಾನಾಗಿಯೇ ನಿಧಾನವಾಗುವ ವ್ಯವಸ್ಥೆಯನ್ನು ಅದಕ್ಕೆ ಜೋಡಿಸಬಹುದು. ಅದಿಲ್ಲದೆ ಗಾಜನ್ನು ಮುಚ್ಚಿದರೆ ಸುರಕ್ಷತೆ ಹೆಚ್ಚುತ್ತದೆಯೇ ಹೊರತು ಕರೆಂಟು ಹೆಚ್ಚೇನೂ ಉಳಿಯುವುದಿಲ್ಲ.

ಪ್ರಶ್ನೆ: ಹುಡ್ ಸರಿಯಾಗಿ ಎಳೆಯುತ್ತಿದೆಯೇ ಎಂದು ಉಪಕರಣವಿಲ್ಲದೆ ತಿಳಿಯುವುದು ಹೇಗೆ? (ಎಂ.ಎಸ್ಸಿ. ವಿದ್ಯಾರ್ಥಿ, ಬೇಲೂರು)

ಉತ್ತರ: ತೆಳುವಾದ ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯೊಂದನ್ನು ಗಾಜಿನ ಬಾಗಿಲಿನ ಕೆಳ ಅಂಚಿಗೆ ಅಂಟಿಸಿ. ಬ್ಲೋವರ್ ಹಾಕಿದಾಗ ಅದು ಒಳಮುಖವಾಗಿ ಒಂದೇ ಸಮನೆ ಬಾಗಿ ನಿಂತರೆ ಒಳ್ಳೆಯದು. ನೇತಾಡುತ್ತಿದ್ದರೆ ಅಥವಾ ಒಮ್ಮೆ ಒಳಗೆ ಒಮ್ಮೆ ಹೊರಗೆ ಹೊರಳಾಡುತ್ತಿದ್ದರೆ ಆ ಹುಡ್‌ನಲ್ಲಿ ಪ್ರಯೋಗ ಮಾಡಬೇಡಿ. ಇದು ದಿನದ ಪರೀಕ್ಷೆ ಮಾತ್ರ. ವರ್ಷಕ್ಕೊಮ್ಮೆ ಗಾಳಿಯ ವೇಗವನ್ನು ಅದರ ಮಾಪಕವಾದ ಅನಿಮೋಮೀಟರ್‌ನಿಂದ ಅಳೆಸುವುದನ್ನು ವಿಭಾಗದವರು ಬಿಡಬಾರದು.

ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಕಾಲೇಜೊಂದರಲ್ಲಿ ಬ್ಲೋವರ್ ಜೋರಾಗಿ ಸದ್ದು ಮಾಡುತ್ತಿದ್ದರೂ ಕಾಗದದ ಪಟ್ಟಿ ಅಲುಗಾಡುತ್ತಿರಲಿಲ್ಲ. ತಾರಸಿಗೆ ಹತ್ತಿ ನೋಡಿದೆ. ಬ್ಲೋವರಿನ ಹೊದಿಕೆಯ ಮೇಲೆ ಬಣ್ಣ ಮಾಸಿದ ಒಂದು ಬಾಣದ ಗುರುತಿತ್ತು, ಚಕ್ರ ಅದಕ್ಕೆ ವಿರುದ್ಧವಾಗಿ ತಿರುಗುತ್ತಿತ್ತು. ಯಾವಾಗಲೋ ಮೋಟಾರು ಬಿಚ್ಚಿ ರಿಪೇರಿ ಮಾಡಿದವರು ಮೂರು ಫೇಸ್‌ಗಳ ತಂತಿಗಳಲ್ಲಿ ಎರಡನ್ನು ಅದಲುಬದಲು ಜೋಡಿಸಿದ್ದರು. ಇಂಥ ಬ್ಲೋವರ್ ತಿರುವುಮುರುವಾಗಿ ತಿರುಗಿದರೂ ಗಾಳಿಯನ್ನು ಅದೇ ದಿಕ್ಕಿಗೆ ತಳ್ಳುತ್ತದೆ, ಆದರೆ ಬಹಳ ಕಡಿಮೆ. ಆದ್ದರಿಂದಲೇ ಯಾರಿಗೂ ಅನುಮಾನ ಬಂದಿರಲಿಲ್ಲ. ಎರಡು ತಂತಿಗಳನ್ನು ಬದಲಿಸಲು ಹತ್ತು ನಿಮಿಷ ಹಿಡಿಯಿತು. ಅಷ್ಟು ದಿನ ಆ ಹುಡ್‌ನ ಮುಂದೆ ನಿಂತು ಕೆಲಸ ಮಾಡಿದ ಮಕ್ಕಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಕಾಲೇಜಿನಲ್ಲಿ ಮೋಟಾರು ರಿಪೇರಿಯಾದಾಗಲೆಲ್ಲ ಆ ಬಾಣದ ಗುರುತನ್ನು ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ.

ಪ್ರಶ್ನೆ: ನಮ್ಮ ಉಪಕರಣ ಕೊಠಡಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಎ.ಸಿ.ಯನ್ನು 18 ಡಿಗ್ರಿಯಲ್ಲಿ ಇಡುತ್ತೇವೆ. ಆದರೂ ಮೈಕ್ರೋಸ್ಕೋಪಿನ ಮಸೂರಗಳಿಗೆ ಬೂಷ್ಟು ಹಿಡಿಯುತ್ತದೆ. ಅವಕೆಂಪು ಬೆಳಕಿನಿಂದ ವಸ್ತುಗಳನ್ನು ಗುರುತಿಸುವ ಎಫ್.ಟಿ.ಐ.ಆರ್. ಯಂತ್ರದ ಕಿಟಕಿ ಮಂಜಾಗಿದೆ. ಎ.ಸಿ. ಕೆಟ್ಟಿದೆಯೇ? (ಪ್ರಯೋಗಾಲಯ ಸಹಾಯಕರು, ಚಿಕ್ಕಮಗಳೂರು)

ಉತ್ತರ: ಎ.ಸಿ. ಕೆಟ್ಟಿಲ್ಲ, ಅದಕ್ಕೆ ನೀವು ಒಪ್ಪಿಸಿದ ಕೆಲಸ ಅದರದ್ದಲ್ಲ. ಎ.ಸಿ. ಗಾಳಿಯನ್ನು ತಣಿಸುವಾಗ ಅದರ ತಣ್ಣನೆಯ ಕೊಳವೆಗಳ ಮೇಲೆ ನೀರು ಹನಿಗಟ್ಟಿ ಇಳಿಯುತ್ತದೆ ನಿಜ. ಆದರೆ ಕೊಠಡಿ ನೀವು ಹೇಳಿದ ಉಷ್ಣತೆಗೆ ಬಂದೊಡನೆ ಕಂಪ್ರೆಸರ್ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ, ತೇವ ಹೀರುವ ಕೆಲಸವೂ ಅಲ್ಲಿಗೆ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಹೊರಗೆ ಸೆಕೆ ಇರುವುದರಿಂದ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ತೇವವೂ ಕಡಿಮೆಯಾಗುತ್ತದೆ. ಜುಲೈನ ಜಡಿಮಳೆಯಲ್ಲಿ ಚಿಕ್ಕಮಗಳೂರಿನ ಹೊರಗಾಳಿಯೇ 21 ಡಿಗ್ರಿಯಷ್ಟಿರುವಾಗ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ.

ಗಾಳಿ ತಣ್ಣಗಾದಷ್ಟೂ ನೀರಾವಿಯನ್ನು ಹಿಡಿದಿಡುವ ಅದರ ಶಕ್ತಿ ಕುಗ್ಗುತ್ತದೆ. 21 ಡಿಗ್ರಿಯಲ್ಲಿ ಶೇ. 95ರಷ್ಟು ತೇವವಿರುವ ಗಾಳಿ ಬಾಗಿಲ ಸಂದಿನಿಂದ ನಿಮ್ಮ 18 ಡಿಗ್ರಿಯ ಕೊಠಡಿಗೆ ನುಗ್ಗಿದರೆ, ಅದರ ನೀರು ಉಪಕರಣದ ತಣ್ಣನೆಯ ಮೈಮೇಲೆ ಕೂರುತ್ತದೆ. ಅದೇ ಗಾಳಿಯನ್ನು 26 ಡಿಗ್ರಿಗೆ ಬಿಸಿ ಮಾಡಿದರೆ ತೇವದ ಪ್ರಮಾಣ ಶೇ. 70ಕ್ಕೆ ಇಳಿಯುತ್ತದೆ. ಅಂದರೆ ಮಳೆಗಾಲದಲ್ಲಿ ನಿಮ್ಮ ಉಪಕರಣಗಳಿಗೆ ಬೇಕಿರುವುದು ತಂಪಲ್ಲ, ಒಣಗಾಳಿ. ಒಣಗಿಸಿಟ್ಟ ಕಾಫಿಬೀಜ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಳ್ಳುವುದನ್ನು ಕಂಡಿರುವ ನಿಮ್ಮ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎಫ್.ಟಿ.ಐ.ಆರ್. ಯಂತ್ರದ ಕಿಟಕಿ ಸಾಮಾನ್ಯವಾಗಿ ಪೊಟ್ಯಾಸಿಯಂ ಬ್ರೋಮೈಡ್‌ನದು. ಅದು ಉಪ್ಪಿನ ಹಾಗೆ ನೀರನ್ನು ಎಳೆದುಕೊಳ್ಳುವ ವಸ್ತು. ಒಮ್ಮೆ ಮಂಜಾದರೆ ಒರೆಸಿ ಸರಿಪಡಿಸಲಾಗದು. ಆದ್ದರಿಂದ ಆ ಕೊಠಡಿಗೆ ಒಂದು ಡಿಹ್ಯೂಮಿಡಿಫೈಯರ್ ತರಿಸಿ. ಅದು ಗಾಳಿಯನ್ನು ತಣಿಸಿ ನೀರು ಬೇರ್ಪಡಿಸಿದ ಮೇಲೆ, ತನ್ನದೇ ಬಿಸಿಯಿಂದ ಮತ್ತೆ ಬೆಚ್ಚಗೆ ಮಾಡಿ ಹೊರಬಿಡುತ್ತದೆ. ತೇವವನ್ನು ಶೇ. 50ರ ಆಸುಪಾಸಿನಲ್ಲಿ ಇಟ್ಟರೆ ಬೂಷ್ಟು ಬೆಳೆಯುವುದಿಲ್ಲ. ಅದನ್ನು ತರುವ ಮೊದಲು ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿ, ಕಿಟಕಿಯ ಸಂದುಗಳನ್ನೂ ಗೋಡೆಯ ಪೈಪ್ ತೂತುಗಳನ್ನೂ ಮುಚ್ಚಿಸಿ. ಇಲ್ಲದಿದ್ದರೆ ಅದು ಇಡೀ ಮಲೆನಾಡಿನ ತೇವವನ್ನು ಹೀರಲು ಹೊರಟಂತಾಗುತ್ತದೆ.

ಮೈಕ್ರೋಸ್ಕೋಪುಗಳಿಗೆ ಇಷ್ಟೂ ಬೇಡ. ಮುಚ್ಚುವ ಬೀರುವಿನ ಕೆಳ ಅರೆಯಲ್ಲಿ 25 ವ್ಯಾಟ್‌ನ ಹಳೆಯ ಕಾಲದ ಬಲ್ಬನ್ನು ಉರಿಸಿಡುವ ಪದ್ಧತಿಯನ್ನು ನಿಮ್ಮ ಹಿರಿಯ ಸಹಾಯಕರು ಬಲ್ಲರು. ದಿನವಿಡೀ ಉರಿದರೂ ಅದು ಅರ್ಧ ಯೂನಿಟ್‌ಗೆ ತುಸು ಹೆಚ್ಚು ಮಾತ್ರ. ಎಲ್.ಇ.ಡಿ. ಬಲ್ಬು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ನಮಗೆ ಬೇಕಿರುವುದು ಬೆಳಕಲ್ಲ, ಬಿಸಿ. ಮಸೂರಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ನೀಲಿಯದು ಗುಲಾಬಿಯಾದೊಡನೆ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಡಿಸ್ಟಿಲ್ಡ್ ವಾಟರ್ ತಯಾರಿಸುವ ಯಂತ್ರದಿಂದ ದಿನವೂ ನೀರು ಸುರಿದುಹೋಗುತ್ತದೆ. ನಮ್ಮ ಕಡೆ ನೀರಿಗೇ ಕಷ್ಟ. ಬೇರೆ ದಾರಿ ಇದೆಯೇ? (ಉಪನ್ಯಾಸಕರು, ಅರಸೀಕೆರೆ)

ಉತ್ತರ: ಇದೆ. ಒಂದು ಲೀಟರ್ ನೀರನ್ನು ಕಾಯಿಸಿ ಪೂರ್ತಿ ಆವಿ ಮಾಡಲು ಎಷ್ಟು ಒಳ್ಳೆಯ ಯಂತ್ರದಲ್ಲಾದರೂ 0.7 ಯೂನಿಟ್ ಕರೆಂಟು ಬೇಕೇ ಬೇಕು. ಆ ಆವಿಯನ್ನು ಮತ್ತೆ ನೀರಾಗಿಸಲು, ತಣಿಸುವ ನೀರಿನ ಉಷ್ಣತೆ ಮೊದಲಿಗಿಂತ 40 ಡಿಗ್ರಿಯಷ್ಟು ಏರುವವರೆಗೆ ಬಳಸಿದರೂ, 13 ಲೀಟರ್‌ಗೂ ಹೆಚ್ಚು ಹರಿಯಬೇಕು. ನಲ್ಲಿಯನ್ನು ಧಾರಾಳವಾಗಿ ತಿರುಗಿಸಿಟ್ಟರೆ ಅದರ ಎರಡು ಮೂರು ಪಟ್ಟು ಹೋಗುತ್ತದೆ. ಮೊದಲು ಹೊರಬರುವ ನೀರನ್ನು ಮುಟ್ಟಿ ನೋಡಿ: ಉಗುರುಬೆಚ್ಚಗಿದ್ದರೆ ಹರಿವು ಅಗತ್ಯಕ್ಕಿಂತ ಹೆಚ್ಚಾಗಿದೆ, ನಲ್ಲಿಯನ್ನು ತಗ್ಗಿಸಿ. ಆ ಬಿಸಿನೀರನ್ನು ಒಂದು ಡ್ರಮ್ಮಿಗೆ ಹಿಡಿದರೆ ಗಾಜಿನ ಸಾಮಾನು ತೊಳೆಯಲು ಅದಕ್ಕಿಂತ ಒಳ್ಳೆಯದು ಬೇರೆಯಿಲ್ಲ.

ಪದವಿ ತರಗತಿಗಳ ಸಾಮಾನ್ಯ ಪ್ರಯೋಗಗಳಿಗೆ ಆರ್.ಓ. ಮತ್ತು ನೀರಿನ ಲವಣಗಳನ್ನು ಹಿಡಿದಿಡುವ ಅಯಾನು ವಿನಿಮಯದ ಕಾಲಂ ಮೂಲಕ ಹಾಯ್ದ ನೀರು ಸಾಕು. ಅದಕ್ಕೆ ತಗಲುವ ವಿದ್ಯುತ್ತು ಬಟ್ಟಿ ಇಳಿಸುವುದರ ಒಂದು ಸಣ್ಣ ಅಂಶ. ಆರ್.ಓ. ಹೊರಬಿಡುವ ಉಪ್ಪುನೀರನ್ನು ಶೌಚಾಲಯದ ತೊಟ್ಟಿಗೆ ತಿರುಗಿಸಿ. ಗಡಸು ನೀರಿನ ಊರುಗಳಲ್ಲಿ ಹೀಟರಿನ ಮೇಲೆ ಕಟ್ಟುವ ಬಿಳಿ ಸುಣ್ಣದ ಪದರದ ಕಾಟವೂ ಇದರಿಂದ ತಪ್ಪುತ್ತದೆ. ಫಿಲ್ಟರ್ ಮಾಡಲು ನಲ್ಲಿಗೆ ಜೋಡಿಸುವ ನೀರಿನ ಆಸ್ಪಿರೇಟರ್‌ಗಳಿದ್ದರೆ ಅವನ್ನೂ ಬಿಟ್ಟು ಸಣ್ಣ ವ್ಯಾಕ್ಯೂಮ್ ಪಂಪ್ ಬಳಸಿ. ನಿಮಿಷಕ್ಕೆ ಹಲವು ಲೀಟರ್ ನೀರು ಆ ಆಸ್ಪಿರೇಟರ್‌ಗಳಲ್ಲೇ ಪೋಲಾಗುತ್ತದೆ.

ಪ್ರಶ್ನೆ: ಜೈವಿಕ ತಂತ್ರಜ್ಞಾನ ವಿಭಾಗದ ಮೈನಸ್ 80 ಡಿಗ್ರಿಯ ಫ್ರೀಜರ್ ಬಹಳ ಕರೆಂಟು ಎಳೆಯುತ್ತದೆ ಎನ್ನುತ್ತಾರೆ. ನಿಜವೇ? (ಸಂಶೋಧನಾ ವಿದ್ಯಾರ್ಥಿನಿ, ಹಾಸನ)

ಉತ್ತರ: ನಿಜ. ಹಳೆಯ ಫ್ರೀಜರ್‌ಗಳು ದಿನಕ್ಕೆ 15ರಿಂದ 20 ಯೂನಿಟ್ ತೆಗೆದುಕೊಳ್ಳುತ್ತವೆ. ಒಳಗಿಟ್ಟ ಜೈವಿಕ ಮಾದರಿಗಳಿಗೆ ಬಾಧಕವಿಲ್ಲವೆಂದು ಮಾರ್ಗದರ್ಶಕರು ಒಪ್ಪಿದರೆ ಮೈನಸ್ 70ಕ್ಕೆ ಇಡಿ, ಮೂರರಲ್ಲಿ ಒಂದು ಪಾಲಿನಷ್ಟು ಉಳಿಯಬಹುದು. ಫ್ರೀಜರ್ ಎಳೆದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಕೊಠಡಿಗೇ ಬರುವುದರಿಂದ, ಅದನ್ನು ಎ.ಸಿ. ಕೊಠಡಿಯಲ್ಲಿ ನಿಲ್ಲಿಸಿದರೆ ಒಂದೇ ಬಿಸಿಗೆ ಎರಡು ಬಾರಿ ಹಣ ಕಟ್ಟಿದಂತೆ. ಗಾಳಿಯಾಡುವ, ಬಿಸಿಲು ಬೀಳದ ಜಾಗದಲ್ಲಿಡಿ, ಧೂಳು ಹಿಡಿದ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯಿರಿ.

ಪ್ರಶ್ನೆ: ನಮ್ಮ ಸಂಸ್ಥೆ ಮೂರು ಅಂತಸ್ತಿನ ಹೊಸ ವಿಜ್ಞಾನ ಕಟ್ಟಡ ಕಟ್ಟಲಿದೆ. ಮುಂಭಾಗಕ್ಕೆ ಗಾಜು, ಒಳಗೆಲ್ಲ ಕೇಂದ್ರೀಯ ಎ.ಸಿ. ಎಂದು ನಕ್ಷೆ ಬಂದಿದೆ. ನಿಮ್ಮ ಅಭಿಪ್ರಾಯವೇನು? (ಕಟ್ಟಡ ಸಮಿತಿಯ ಸದಸ್ಯರು, ಹಾಸನ)

ಉತ್ತರ: ಆ ನಕ್ಷೆಯನ್ನು ಹಿಂದಿರುಗಿಸಿ ಎಂಬುದೇ ನನ್ನ ವಿನಂತಿ. ಸೆಕೆಯ ಊರುಗಳೇ ಬೇರೆ ದಾರಿ ಹುಡುಕಿಕೊಂಡಿರುವಾಗ ಹಾಸನಕ್ಕೆ ಗಾಜಿನ ಪೆಟ್ಟಿಗೆ ಏಕೆ? ಹಸಿರು ಕಟ್ಟಡಗಳಿಗೆ ನಕ್ಷತ್ರ ಕೊಡುವ ಗ್ರಿಹಾ ಪದ್ಧತಿಯಲ್ಲಿ ದೇಶದಲ್ಲೇ ಮೊದಲು ಐದು ನಕ್ಷತ್ರ ಪಡೆದ ಕಟ್ಟಡ ಕಾನ್ಪುರದ ಐಐಟಿಯ ಪರಿಸರ ವಿಜ್ಞಾನ ಕೇಂದ್ರದ್ದು, ಅದೂ ಪ್ರಯೋಗಾಲಯಗಳಿರುವ ವಿಜ್ಞಾನ ಕಟ್ಟಡವೇ. ಹೈದರಾಬಾದಿನಲ್ಲಿ ಇನ್ಫೋಸಿಸ್ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಎ.ಸಿ.ಯನ್ನೂ ಇನ್ನರ್ಧಕ್ಕೆ ಚಾವಣಿಯ ಕಾಂಕ್ರೀಟಿನೊಳಗೆ ತಣ್ಣೀರು ಹರಿಸುವ ಪದ್ಧತಿಯನ್ನೂ ಹಾಕಿ ಹೋಲಿಸಿ ನೋಡಿತು. ತಣ್ಣೀರಿನ ಭಾಗ ಸುಮಾರು ಮೂರನೆಯ ಒಂದು ಪಾಲು ಕಡಿಮೆ ವಿದ್ಯುತ್ತಿನಲ್ಲಿ ನಡೆಯಿತು. ಆ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತರಬೇಕೆಂದಲ್ಲ, ನಮ್ಮ ಮಳೆಗಾಲದಲ್ಲಿ ತಣ್ಣನೆಯ ಚಾವಣಿ ಬೆವರುತ್ತದೆ. ಕಟ್ಟುವ ಮೊದಲೇ ಲೆಕ್ಕ ಹಾಕುವ ಅವರ ಕ್ರಮವನ್ನು ತರಬೇಕು.

ಕಟ್ಟಡದ ಉದ್ದವನ್ನು ಪೂರ್ವ ಪಶ್ಚಿಮವಾಗಿ ಇಡಿ, ಪಶ್ಚಿಮದ ಗೋಡೆಗೆ ಮೆಟ್ಟಿಲು, ಶೌಚಾಲಯ, ಉಗ್ರಾಣಗಳನ್ನು ಕೊಡಿ. ಹುಡ್‌ಗಳಿರುವ ಪ್ರಯೋಗಾಲಯಗಳು ಮೂರು ಅಂತಸ್ತಿನಲ್ಲೂ ಒಂದರ ಮೇಲೊಂದು ಬರಲಿ. ಆಗ ಹುಡ್‌ಗಳ ಗಾಳಿ ಸಾಗಿಸುವ ಡಕ್ಟ್‌ಗಳು ಒಂದೇ ನೇರ ಕೊಳವಿಯಲ್ಲಿ ಮೇಲೇರುತ್ತವೆ. ಡಕ್ಟಿನ ಒಂದೊಂದು ತಿರುವೂ ಬ್ಲೋವರಿಗೆ ಹೊರೆ. ಅತಿ ತಂಪು, ಒಣಗಾಳಿ ಬೇಕಾದ ಉಪಕರಣ ಕೊಠಡಿಗಳನ್ನೆಲ್ಲ ಉತ್ತರದ ಬದಿಯಲ್ಲಿ ಒಟ್ಟಿಗೆ ಸೇರಿಸಿ ಅವಕ್ಕೆ ಮಾತ್ರ ಎ.ಸಿ. ಕೊಡಿ. ತರಗತಿ, ಮೊಗಸಾಲೆ, ಭೌತಶಾಸ್ತ್ರದ ಪ್ರಯೋಗಾಲಯಗಳಿಗೆ ಆಳವಾದ ಸಜ್ಜೆಯ ಕಿಟಕಿ, ಚಾವಣಿಗೆ ಹತ್ತಿರ ವೆಂಟಿಲೇಟರ್, 75 ವ್ಯಾಟ್‌ನ ಬದಲು 30 ವ್ಯಾಟ್ ಚಿಲ್ಲರೆಯ ಬಿ.ಎಲ್.ಡಿ.ಸಿ. ಫ್ಯಾನ್ ಸಾಕು. ಬೇಸಿಗೆಯಲ್ಲೂ ಹಾಸನದ ರಾತ್ರಿ ತಣ್ಣಗಾಗುವುದರಿಂದ, ಮಳೆ ನುಗ್ಗದ ವೆಂಟಿಲೇಟರ್‌ಗಳನ್ನು ರಾತ್ರಿಯಿಡೀ ತೆರೆದಿಟ್ಟರೆ ಗೋಡೆ ಚಾವಣಿಗಳ ಬಿಸಿ ಬೆಳಗಿನೊಳಗೆ ಹೋಗಿರುತ್ತದೆ. ತಾರಸಿಗೆ ಬಿಸಿ ತಡೆಯುವ ಪದರವನ್ನೂ ಬಿಳಿ ಹೆಂಚನ್ನೂ ಹಾಕಿಸುವುದನ್ನು ಖರ್ಚಿನ ನೆಪದಲ್ಲಿ ಕೈಬಿಡಬೇಡಿ.

ಕಟ್ಟಡದ ವಿದ್ಯುತ್ ಸಂಪರ್ಕ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ. 2007ರಲ್ಲಿ ಮೊದಲು ಬಂದು 2017ರಲ್ಲಿಯೂ ಆಮೇಲೂ ಪರಿಷ್ಕೃತವಾದ ಈ ಸಂಹಿತೆಯ ಈಗ ಜಾರಿಯಲ್ಲಿರುವ ರೂಪದ ಪ್ರಕಾರ ಲೆಕ್ಕ ಹಾಕಿಕೊಡಲು ವಾಸ್ತುಶಿಲ್ಪಿಯನ್ನು ಕೇಳಿ. ಬ್ಲೋವರುಗಳ ಟೆಂಡರಿನಲ್ಲಿ ಊರಿನ ಎತ್ತರವನ್ನು ತಪ್ಪದೆ ನಮೂದಿಸಿ. ಹಾಸನದ ಗಾಳಿ ಸಮುದ್ರತೀರದ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಕಂಪನಿಗಳ ಪಟ್ಟಿಯಲ್ಲಿರುವ ಒತ್ತಡದ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದವು, ಇಲ್ಲಿ ಅಷ್ಟು ಸಿಗುವುದಿಲ್ಲ.

ಪ್ರಶ್ನೆ: ವಿಜ್ಞಾನ ವಿಭಾಗದ ತಾರಸಿಯ ಮೇಲೆ ಸೋಲಾರ್ ಹಾಕಿಸಬಹುದೇ? (ಓದುಗರು, ಚಿಕ್ಕಮಗಳೂರು)

ಉತ್ತರ: ಹಾಕಿಸಬಹುದು. ಒಂದು ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ಜಾಗ ಬೇಕು, ಒಳ್ಳೆಯ ಬಿಸಿಲಿನ ದಿನಗಳಲ್ಲಿ 4 ಯೂನಿಟ್‌ನಷ್ಟು ಬರುತ್ತದೆ, ನಿಮ್ಮ ಊರಿನ ಮಳೆಗಾಲದಲ್ಲಿ ಬಹಳ ಕಡಿಮೆ. ಆದರೆ ಹುಡ್‌ಗಳ ಹೊಗೆಕೊಳವೆಗಳೂ ಅದೇ ತಾರಸಿಯಲ್ಲಿರುತ್ತವೆ. ಆ ಕೊಳವೆಗಳು ತಾರಸಿಯಿಂದ ಕನಿಷ್ಠ 3 ಮೀಟರ್ ಎತ್ತರವಿರಬೇಕು, ಬಾಯಿ ಮೇಲ್ಮುಖವಾಗಿರಬೇಕು. ಕುಳ್ಳಗಿದ್ದರೆ ಆಮ್ಲದ ಆವಿ ಪ್ಯಾನೆಲ್‌ಗಳ ಚೌಕಟ್ಟನ್ನು ತಿನ್ನುವುದಲ್ಲದೆ, ಅವನ್ನು ತೊಳೆಯಲು ಹೋದವರ ಮೂಗಿಗೂ ಬರುತ್ತದೆ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದರಿಂದ ಪ್ಯಾನೆಲ್‌ಗಳನ್ನು ಕೊಳವೆಗಳ ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ ಇರಿಸಿ. ದಕ್ಷಿಣದ ಬದಿಯಲ್ಲಿ ಕೊಳವೆಗಳ ನೆರಳೂ ಅವುಗಳ ಮೇಲೆ ಹೆಚ್ಚಾಗಿ ಬೀಳುವುದಿಲ್ಲ. ಪ್ಯಾನೆಲ್ ತೊಳೆಯುವ ದಿನ ಕೆಳಗಿನ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ, ಆ ಹೊತ್ತಿನಲ್ಲಿ ಹುಡ್‌ಗಳಲ್ಲಿ ಪ್ರಯೋಗ ನಡೆಯದಂತೆ ನೋಡಿಕೊಳ್ಳಿ.